ಕೆಟ್ಟು ನಿಂತ ಗಾಡಿಯ ಪ್ಯಾಸೆಂಜರ್

ನಾನು ಹುಟ್ಟಾ ಪುಕ್ಕಲಿ. ಹಲ್ಲಿಗೆ ಹೆದರುತ್ತೇನೆ, ಲಿಫ್ಟಿಗೆ ಹೆದರುತ್ತೇನೆ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವ ಮೊದಲೇ ಯಾರಿಗೇನಾಯಿತೋ ಎಂದು ಒಂದು ಸಲ ಬೆವತು ಮುಗಿಸುತ್ತೇನೆ. ಕಾರು ಕಲಿತದ್ದು ಮಗ ಕಾಲೇಜಿಗೆ ಹೋದ ಮೇಲೆ, ಅದೂ ಪುಣೆಯ ವಾಕಡದ ರಿಕ್ಷಾದವರ ಜೊತೆ ಮರಾಠಿಯಲ್ಲಿ ಜಗಳಾಡಿ ಜಗಳಾಡಿ ಗಂಟಲು ಸೋತ ಮೇಲೆ. ಇವತ್ತಿಗೂ ಹಿಂದೆ ಲಾರಿ ಹಾರ್ನ್ ಹೊಡೆದರೆ ಅದು ನನಗೇ ಹೊಡೆದದ್ದು ಎಂದು ನಂಬಿ ಎಡಕ್ಕೆ ಸರಿಯುತ್ತೇನೆ. ಇಂಥವಳ ಗಾಡಿ ಹೈವೇ ಮೇಲೆ ಕೆಡಬಾರದು. ಕೆಟ್ಟರೂ ಪಕ್ಕದಲ್ಲಿ ಅಪ್ಪ ಇರುವಾಗ ಕೆಡಬಾರದು.

ಅಪ್ಪ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಧಾರವಾಡ–ಸವದತ್ತಿ ಲೈನಿನಲ್ಲಿಯೇ ಅವರ ಆಯುಷ್ಯ ಸವೆಯಿತು. ಅವ್ವ ತೀರಿಕೊಂಡ ಮೇಲೆ ನಮ್ಮ ಹತ್ತಿರ ಪುಣೆಗೆ ಬಂದರು. ಬಂದ ಸ್ವಲ್ಪ ದಿನಕ್ಕೇ ಅವರ ನೆನಪುಗಳು ಒಂದೊಂದಾಗಿ ಇಳಿದುಹೋಗತೊಡಗಿದವು. ಮೊದಲು ಬೆಳಗಿನ ತಿಂಡಿ ಮರೆತರು, ಆಮೇಲೆ ನನ್ನ ಮಗನನ್ನು, ಆಮೇಲೆ ಅವ್ವ ಸತ್ತದ್ದನ್ನು, ಕೊನೆಗೆ ನನ್ನನ್ನು. ಮೊದಲೆಲ್ಲ ನನ್ನನ್ನು ‘ತಂಗಿ’ ಎನ್ನುತ್ತಿದ್ದರು, ನಮ್ಮ ಕಡೆ ಮಗಳನ್ನು ಹಾಗೇ ಕರೆಯುವುದು. ಈಗ ನಾನು ‘ಬಾಯಾರ’. ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸರನ್ನು ಅವರು ಕರೆಯುತ್ತಿದ್ದದ್ದು ಹಾಗೆ. “ಬಾಯಾರ, ಒಂದೀಟು ಚಾ ಸಿಗತದೇನ್ರಿ?” ಎಂದು ಮೊದಲ ಸಲ ಕೇಳಿದ ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದೆ. ಮಗಳು ಎಂದರೆ ಅವರ ಕಣ್ಣ ಮುಂದೆ ಎರಡು ಜಡೆಯ ಹುಡುಗಿ ಬರುತ್ತಾಳೆ. ಕನ್ನಡಕ ಹಾಕಿಕೊಂಡು, ಕೂದಲಿಗೆ ಬಣ್ಣ ಹಚ್ಚಿಕೊಂಡು, ಗುಳಿಗೆ ನುಂಗಿರಿ ಎಂದು ಗದರುವ ಈ ಹೆಂಗಸು ಯಾರೋ ಪುಣ್ಯಾತ್ಮಳು, ಅಷ್ಟೆ. ಆದರೆ ಸವದತ್ತಿ ಲೈನಿನ ಸ್ಟಾಪುಗಳನ್ನು ಕೇಳಿ ನೋಡಿ, ಒಂದೂ ತಪ್ಪುವುದಿಲ್ಲ.

ಅವತ್ತು ಅವರನ್ನು ಸದಾಶಿವ ಪೇಠದ ಡಾಕ್ಟರರಿಗೆ ತೋರಿಸುವುದಿತ್ತು. ಯಜಮಾನರು ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರು. ಹೊರಡುವ ಹೊತ್ತಿಗೆ ಸರಿಯಾಗಿ ಅಪ್ಪ ಅಂಗಿಯ ಮೇಲೆ ಚಹಾ ಚೆಲ್ಲಿಕೊಂಡರು. ಗೊಣಗುತ್ತಾ ಬೇರೆ ಅಂಗಿ ತೊಡಿಸಿದೆ. ಚೆಲ್ಲಿದ ಅಂಗಿಯ ಜೇಬಿನಲ್ಲಿ ನಮ್ಮ ಫೋನ್ ನಂಬರು ಬರೆದ ಕಾರ್ಡು ಇರುತ್ತಿತ್ತು. ಅದು ಅಂಗಿಯ ಜೊತೆ ಬಕೆಟ್ಟಿಗೆ ಹೋಯಿತು. ಹೆಗಲ ಮೇಲೆ ಟವೆಲ್ಲು ಇಲ್ಲದೆ ಅಪ್ಪ ಹೊಸ್ತಿಲು ದಾಟುವವರಲ್ಲ, ಅದನ್ನು ಮಾತ್ರ ತಾವೇ ನೆನಪಿಟ್ಟು ಹಾಕಿಕೊಂಡರು. ನೀಲಿ ಅಂಚಿನ ಬಿಳಿ ಟವೆಲ್ಲು, ತಲೆಯ ಮೇಲಿನ ಬಿಳಿ ಟೋಪಿಗೆ ಜೋಡಿ.

ಊರೊಳಗಿನ ಟ್ರಾಫಿಕ್ ಬೇಡವೆಂದು ಬೈಪಾಸ್ ಹಿಡಿದೆ. ಅತಿ ಜಾಣತನ ಅನ್ನುವುದು ಇದಕ್ಕೇ. ಬಾಣೇರ ದಾಟಿ ಸ್ವಲ್ಪ ಮುಂದೆ ಹೋಗಿರಬಹುದು, ಕಾರು ಎರಡು ಸಲ ಬಿಕ್ಕಳಿಸಿತು. ಮುಂದಿನ ಬಾನೆಟ್ಟಿನಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಎದ್ದಿತು. ಹೇಗೋ ಎಡಕ್ಕೆ ತಂದು ನಿಲ್ಲಿಸಿದೆ. ಅದು ಸರ್ವಿಸ್ ರೋಡು ಹೈವೇಗೆ ಬಂದು ಕೂಡುವ ಜಾಗ. ಮುಂಬೈ ಕಡೆಯಿಂದ ನಮ್ಮ ಕಡೆಗೆ ಹೋಗುವ ಬಸ್ಸುಗಳು ಅಲ್ಲಿ ಕೈ ಮಾಡಿದವರನ್ನು ಹತ್ತಿಸಿಕೊಳ್ಳುತ್ತವೆ. ಪಕ್ಕದಲ್ಲಿ ಲಾರಿ ಹೋದಾಗಲೆಲ್ಲ ನಿಂತ ಕಾರು ಗಡಗಡ ನಡುಗುತ್ತಿತ್ತು, ಅದರೊಳಗೆ ನಾನೂ. ಅಪ್ಪ ಮಾತ್ರ ನೆಮ್ಮದಿಯಿಂದ ನನಗಿಂತ ಮೊದಲೇ ಇಳಿದು, ಮುಂದಿನ ಗಾಲಿಯನ್ನು ಕಾಲಿನಿಂದ ತಟ್ಟಿ ನೋಡಿದರು.

“ಗಾಡಿ ಕೆಡ್ತೇನ್ರಿ ಬಾಯಾರ?”

“ಹೌದ್ರಿ ಅಪ್ಪಾ. ಇಲ್ಲೇ ಬಾಜೂಕ ನಿಂದರ್ರಿ. ರಸ್ತಾಕ್ಕ ಹೋಗಬ್ಯಾಡ್ರಿ.”

ಕಾರಿನ ಕಂಪನಿಯ ಸಹಾಯದ ನಂಬರಿಗೆ ಫೋನ್ ಹಚ್ಚಿದೆ. ಅಲ್ಲಿ ಮನುಷ್ಯರಿರಲಿಲ್ಲ, ಒಂದು ಒತ್ತಿ ಎರಡು ಒತ್ತಿ ಎನ್ನುವ ಧ್ವನಿ ಇತ್ತು. ಅಪ್ಪ ಹಿಂದಿನಿಂದ ಏನೋ ಅಂದರು. “ಹೂಂ, ಹೂಂ” ಅಂದೆ. ಧ್ವನಿ ಗಾಡಿಯ ಪಾಲಿಸಿ ನಂಬರು ಕೇಳಿತು. ಕಾರಿನೊಳಗೆ ಬಗ್ಗಿ ಕಾಗದ ಹುಡುಕಿದೆ, ನಂಬರು ಒತ್ತಿದೆ, ತಪ್ಪಾಯಿತು, ಮತ್ತೆ ಒತ್ತಿದೆ. ತಲೆ ಎತ್ತಿದಾಗ ಅಪ್ಪ ಇರಲಿಲ್ಲ.

ಕಾರಿನ ಹಿಂದೆ ನೋಡಿದೆ. ಮುಂದೆ ನೋಡಿದೆ. ಮೂತ್ರಕ್ಕೆ ಹೋಗಿರಬಹುದೆಂದು ಪಕ್ಕದ ಗಟಾರದಲ್ಲಿ ಇಣುಕಿದೆ. ಆಮೇಲೆ, ನೋಡಬಾರದೆಂದುಕೊಂಡೇ, ರಸ್ತೆಯ ಮೇಲೆ ನೋಡಿದೆ. ಲಾರಿಗಳು ಒಂದರ ಬಾಲ ಒಂದು ಹಿಡಿದು ಹೋಗುತ್ತಿದ್ದವು. ಯಾವುದೂ ನಿಂತಿರಲಿಲ್ಲ, ಯಾರೂ ಬಿದ್ದಿರಲಿಲ್ಲ. ಅಷ್ಟಾದರೂ ಆಯಿತು ಎನ್ನುವಷ್ಟರಲ್ಲಿ, ಆ ಕಡೆಗೆ ದಾಟಿ ಹೋಗಿದ್ದರೆ ಎನ್ನಿಸಿತು. ಮನೆಯ ಬಚ್ಚಲು ಯಾವ ಕಡೆ ಎಂದು ದಿನಾ ಕೇಳುವ ಮನುಷ್ಯ. ಹೆಸರು ಕೇಳಿದರೆ ಒಮ್ಮೆ ಹೇಳುತ್ತಾರೆ, ಒಮ್ಮೆ ಸುಮ್ಮನೆ ನಗುತ್ತಾರೆ. ಮರಾಠಿ ಬಾರದು, ಹಿಂದಿ ಮರೆತುಹೋಗಿದೆ, ಜೇಬಿನಲ್ಲಿ ಕಾರ್ಡಿಲ್ಲ. “ಅಪ್ಪಾ! ಅಪ್ಪಾ!” ಎಂದು ಕೂಗುತ್ತಾ ರಸ್ತೆಯ ಅಂಚಿನಲ್ಲಿ ಓಡಿದೆ. ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಎರಡೂ ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ.

ಸರ್ವಿಸ್ ರೋಡಿನ ಅಂಚಿನಲ್ಲಿ ಚಹಾದ ಗಾಡಿಯೊಂದಿತ್ತು. ಅದರ ಹೆಂಗಸು ಸೌಟು ಹಿಡಿದುಕೊಂಡೇ ಎದ್ದು ಬಂದಳು.

“ಕಾಯ ಝಾಲಂ ತಾಯಿ?” ಏನಾಯಿತಕ್ಕ ಎಂದು ಕೇಳಿ, ನನ್ನ ಅರ್ಧ ಮಾತಿಗೇ ತಲೆ ಅಲ್ಲಾಡಿಸಿದಳು. “ಟೋಪಿವಾಲೇ ಆಜೋಬಾ? ತೇ ತರ ಗಾಡೀತ ಬಸಲೇ!”

ಟೋಪಿ ಹಾಕಿದ ಅಜ್ಜ ಬಸ್ಸು ಹತ್ತಿದರಂತೆ. ಕೈ ಮಾಡಿ ನಿಲ್ಲಿಸಿದರಂತೆ, ಹತ್ತಿದರಂತೆ, ಬಸ್ಸು ಹೋಯಿತಂತೆ. ಕೆಂಪು ಬಸ್ಸು, ಹಣೆಯ ಮೇಲೆ ಕನ್ನಡ ಅಕ್ಷರ ಇದ್ದವು, ಹುಬ್ಬಳ್ಳಿಯದೋ ಬೆಳಗಾವಿಯದೋ ಅವಳಿಗೆ ತಿಳಿಯದು. ಊರಿಗೆ ಹೊರಟವರ ಹಾಗೆ ಅಷ್ಟು ಸಲೀಸಾಗಿ ಹತ್ತಿದ ಮನುಷ್ಯನನ್ನು ಯಾರು ತಾನೆ ತಡೆಯುತ್ತಾರೆ? ಅವಳು ನನ್ನ ಮುಖ ನೋಡಿ, ತಾನೇ ಏನೋ ತಪ್ಪು ಮಾಡಿದವಳ ಹಾಗೆ ಸೆರಗು ಬಾಯಿಗೆ ಹಿಡಿದಳು. ಹುಬ್ಬಳ್ಳಿ ಇನ್ನೆಷ್ಟು ದೂರ, ನಡುವೆ ಎಷ್ಟು ಸ್ಟಾಪು! ಯಾವ ಸ್ಟಾಪಿನಲ್ಲಿ ಅವರಿಗೆ ಇಳಿಯಬೇಕು ಅನ್ನಿಸಿದರೂ ಮುಗಿಯಿತು. ಇಳಿದ ಜಾಗದಲ್ಲಿ ರಸ್ತೆ ಇರುತ್ತದೆ, ಲಾರಿ ಇರುತ್ತದೆ, ಅಪ್ಪ ಸವದತ್ತಿ ಎಂದುಕೊಂಡು ನಡೆಯತೊಡಗುತ್ತಾರೆ.

ನಾನು ಮತ್ತೆ ಕೂಗಿದೆನಂತೆ. ನನಗೆ ಅದರ ನೆನಪಿಲ್ಲ. ಕೂಗಿದ್ದು ಮಾತ್ರ ಕೆಲಸಕ್ಕೆ ಬಂತು. ಸರ್ವಿಸ್ ರೋಡಿನಲ್ಲಿ ಹೋಗುತ್ತಿದ್ದ ಸಣ್ಣ ಕಾರೊಂದು ಗಕ್ಕನೆ ನಿಂತು, ಕುತ್ತಿಗೆಯಲ್ಲಿ ಆಫೀಸಿನ ಐಡಿ ಹಾಕಿಕೊಂಡ ಹುಡುಗಿಯೊಬ್ಬಳು ಗಾಜು ಇಳಿಸಿದಳು.

“ಆಂಟಿ, ನೀವು ಕನ್ನಡದವರಾ? ಏನಾಯ್ತು?”

ಹೇಳಿದೆ. ಹೇಳುವುದು ಎಂದರೆ, ಅಪ್ಪ, ಬಸ್ಸು, ನೆನಪಿಲ್ಲ, ಕಾರ್ಡಿಲ್ಲ ಎಂದು ತುಂಡು ತುಂಡಾಗಿ ಉದುರಿಸಿದೆ. ಅವಳು ಪಕ್ಕದ ಸೀಟಿನ ಮೇಲಿದ್ದ ಲ್ಯಾಪ್‌ಟಾಪ್ ಚೀಲವನ್ನು ಹಿಂದಕ್ಕೆ ಎಸೆದಳು.

“ಫಸ್ಟ್ ಹತ್ಕೊಳಿ. ಆಮೇಲೆ ಅಳೋರಂತೆ.”

“ನನ್ನ ಕಾರು...” ಎಂದು ತಿರುಗಿ ನೋಡಿದೆ. ಚಹಾದ ಹೆಂಗಸು ಆಗಲೇ ಬೇಲಿಯ ಒಂದು ಟೊಂಗೆ ಮುರಿದು ತಂದು ಕಾರಿನ ಹಿಂದೆ ಇಡುತ್ತಿದ್ದಳು, ಮೇಲೊಂದು ಕಲ್ಲು. ಮೀ ಬಘತೆ, ತುಮ್ಹಿ ಜಾ, ನಾನು ನೋಡಿಕೊಳ್ಳುತ್ತೇನೆ ನೀವು ಹೋಗಿ ಎಂದು ಸೌಟು ಬೀಸಿದಳು. ಕಾರಿಗೆ ಕೀಲಿ ಹಾಕಿದೆನೋ ಇಲ್ಲವೋ ಇವತ್ತಿಗೂ ಹೇಳಲಾರೆ.

ಆ ಹುಡುಗಿ ಓಡಿಸಿದ ರೀತಿ! ಬೇರೆ ದಿನವಾಗಿದ್ದರೆ ಚಾಂದಣಿ ಚೌಕಿನಲ್ಲೇ ಇಳಿದು ನಡೆದುಕೊಂಡು ಮನೆಗೆ ಹೋಗುತ್ತಿದ್ದೆ. ಒಂದು ಕಡೆ ಅವಳ ಫೋನಿನಲ್ಲಿ ಆಫೀಸಿನ ಮೀಟಿಂಗು ನಡೆದಿತ್ತು, ಯಾರೋ ಇಂಗ್ಲಿಷಿನಲ್ಲಿ ಏನೋ ವರದಿ ಒಪ್ಪಿಸುತ್ತಿದ್ದರು. ಅವಳು ಅದನ್ನು ಕತ್ತರಿಸಿ, ನನಗೆ ಪೊಲೀಸರಿಗೆ ಫೋನ್ ಮಾಡಲು ಹೇಳಿದಳು. ಮಾಡಿದೆ. ಆ ಕಡೆಯ ಮನುಷ್ಯ ಸಮಾಧಾನದಿಂದಲೇ ಕೇಳಿದ: ವಯಸ್ಸು? ಎತ್ತರ? ತಲೆಯ ಮೇಲೆ? ಟೋಪಿ. ಉಟ್ಟದ್ದು? ಧೋತರ. ಅಂಗಿ ಯಾವ ಬಣ್ಣದ್ದು?

ನನಗೆ ಗೊತ್ತಿರಲಿಲ್ಲ. ಬೆಳಗ್ಗೆ ನನ್ನ ಕೈಯಿಂದಲೇ ಗುಂಡಿ ಹಾಕಿದ ಅಂಗಿ. ಗೊಣಗುವುದರಲ್ಲಿ ಬಣ್ಣ ನೋಡಿರಲಿಲ್ಲ. ಬಿಳಿ ಅಂದೆ, ಇಲ್ಲ ಬೂದಿ ಅಂದೆ, ಇಲ್ಲ ಗೆರೆ ಇತ್ತು ಅಂದೆ. ಅವನು ಬೇರೆ ಏನಾದರೂ ಗುರುತು ಇದೆಯೇ ಎಂದ. ನೀಲಿ ಅಂಚಿನ ಟವೆಲ್ಲು ಎಂದೆ. ಕಳೆದುಹೋದ ಅಪ್ಪನಿಗೆ ನಾನು ಕೊಟ್ಟ ಗುರುತು ಅದೊಂದೇ. ಫೋನ್ ಇಟ್ಟ ಮೇಲೆ ಹುಡುಗಿ ಎಡಗೈ ಚಾಚಿ ನನ್ನ ಮೊಣಕಾಲ ಮೇಲೆ ಇಟ್ಟಳು.

“ಆಂಟಿ, ನಾನು ಡೈಲಿ ಬ್ರೇಕ್‌ಫಾಸ್ಟ್ ಮಾಡೋ ಹೋಟೆಲ್ ಇದೆ, ಬಾಣೇರಲ್ಲಿ. ಓನರ್ ನಮ್ಮ ಕುಂದಾಪುರ ಸೈಡು. ಅವರಿಗೆ ಹೈವೇ ಹೋಟೆಲ್‌ನೋರೆಲ್ಲ ಗೊತ್ತಿರ್ತಾರೆ. ಒಂದ್ ಕಾಲ್ ಮಾಡೋಣ.”

ಫೋನ್ ಸ್ಪೀಕರಿಗೆ ಹಾಕಿದಳು. ಹಿಂದೆ ತಟ್ಟೆಗಳ ಸದ್ದು, ಯಾರೋ ‘ಎರಡು ಮಸಾಲೆ’ ಎಂದು ಕೂಗಿದ್ದು. ಹೋಟೆಲಿನವರು ಎಲ್ಲ ಕೇಳಿಸಿಕೊಂಡರು.

“ಎಂತದು ಮಾರಾಯ್ರೆ ಇದು! ಅಕ್ಕ, ನೀವು ಹೆದರೂದು ಬೇಡ ಆಯ್ತಾ? ಹುಬ್ಬಳ್ಳಿ ಬಸ್ಸು ತಿಂಡಿಗೆ ನಿಲ್ಲೂದೇ ನಮ್ಮ ಭಾವನ ಹೋಟ್ಲಲ್ಲಿ, ಶಿರವಳದ ಹತ್ರ. ಈಗಲೇ ಫೋನ್ ಮಾಡ್ತೆ. ಯಾವ ಬಸ್ಸು ಬಂದ್ರೂ ಒಳಗೆ ಹೋಗಿ ನೋಡ್ಲಿಕ್ಕೆ ಹೇಳ್ತೆ. ಅಜ್ಜನ ಹತ್ರ ಕನ್ನಡದಲ್ಲೇ ಮಾತಾಡ್ಲಿಕ್ಕೆ ಹೇಳ್ತೆ.”

ಹೆದರುವುದು ಬೇಡ ಎಂದರೆ ಹೆದರಿಕೆ ಕೇಳುತ್ತದೆಯೇ? ನವಲೆ ಸೇತುವೆಯ ಇಳಿಜಾರು ಬಂತು. ಪುಣೆಯಲ್ಲಿ ಇರುವವರಿಗೆ ಆ ಇಳಿಜಾರಿನ ಹೆಸರು ಹೇಳಿದರೆ ಸಾಕು, ಬ್ರೇಕು ಹತ್ತದ ಲಾರಿಗಳೇ ಕಣ್ಣಿಗೆ ಬರುತ್ತವೆ. ಅಲ್ಲಿಯೂ ಬಸ್ಸು ನಿಲ್ಲುತ್ತದೆ, ಜನ ಇಳಿಯುತ್ತಾರೆ. ನಾನು ಕಿಟಕಿಗೆ ಮುಖ ಹಚ್ಚಿ ಪ್ರತಿಯೊಂದು ಬಿಳಿ ಟೋಪಿಯನ್ನೂ ನೋಡಿದೆ. ಪುಣೆಯ ಸುತ್ತ ಎಷ್ಟೊಂದು ಮುದುಕರು ಬಿಳಿ ಟೋಪಿ ಹಾಕುತ್ತಾರೆಂದು ಅವತ್ತು ತಿಳಿಯಿತು. ಎಲ್ಲರೂ ಯಾರದೋ ಅಪ್ಪಂದಿರು.

ಕಾತ್ರಜದ ಸುರಂಗದೊಳಗೆ ಫೋನಿನ ರೇಂಜು ಹೋಯಿತು. ಆ ಕತ್ತಲಲ್ಲಿ, ಯಾಕೋ, ನನಗೆ ಸವದತ್ತಿ ಲೈನು ನೆನಪಾಯಿತು. ಸಣ್ಣವಳಿದ್ದಾಗ ರಜೆಯಲ್ಲಿ ಅಪ್ಪನ ಬಸ್ಸಿನಲ್ಲಿ ಹೋಗುತ್ತಿದ್ದೆ. ಒಂದು ಸಲ ನಡುದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಸುತ್ತ ಜೋಳದ ಹೊಲ, ಒಂದು ಗಿಡದ ನೆರಳಿಲ್ಲ. ನಾನು ಅಳತೊಡಗಿದ್ದೆ. ಅಪ್ಪ ರಸ್ತೆಗೆ ಇಳಿದು, ಬಂದ ಬಂದ ಬಸ್ಸಿಗೆ ಕೈ ಮಾಡಿ, ತಮ್ಮ ಪ್ಯಾಸೆಂಜರುಗಳನ್ನು ಬೇರೆಯವರ ಬಸ್ಸಿಗೆ ಹತ್ತಿಸಿದರು. ಬಾಣಂತಿಯರು ಮೊದಲು, ಮುದುಕರು ಆಮೇಲೆ, ಗಟ್ಟಿಮುಟ್ಟಾದವರು ಕೊನೆಗೆ. ಕಂಡಕ್ಟರುಗಳ ಪದ್ಧತಿಯೇ ಅದು. “ಗಾಡಿ ಕೆಟ್ರ ಮಂದಿ ಕೆಡಬಾರದು” ಎಂದು ಅವರು ಅನ್ನುತ್ತಿದ್ದರು. ಎಲ್ಲರೂ ಹೋದ ಮೇಲೆ ಡ್ರೈವರನ ಹತ್ತಿರ ನನ್ನನ್ನು ಕೂರಿಸಿ ಬೆಲ್ಲ ಶೇಂಗಾ ತಿನ್ನಿಸಿದ್ದರು. ಅಂಥ ಮನುಷ್ಯನನ್ನು ನಾನು ರಸ್ತೆಯ ಬದಿಯಲ್ಲಿ ಕಳೆದುಕೊಂಡಿದ್ದೆ.

ಸುರಂಗ ದಾಟಿದ್ದೇ ಫೋನು ಬಡಿದುಕೊಂಡಿತು. ಬಾಣೇರದ ಹೋಟೆಲಿನವರು.

“ಅಕ್ಕ, ಒಂದು ಬಸ್ಸು ಬಂತಂತೆ. ಭಾವ ಒಳಗೆ ಹತ್ತಿ ನೋಡಿದ್ರಂತೆ.” ಅವರು ತಡೆದರು. ತಡೆದದ್ದಕ್ಕೇ ನನಗೆ ಅರ್ಥವಾಯಿತು. “ಅದರಲ್ಲಿ ಇಲ್ವಂತೆ.”

ಹುಡುಗಿ ಗೇರು ಬದಲಿಸಿ ಇನ್ನೂ ಜೋರಾಗಿ ಓಡಿಸಿದಳು. ಇಳಿದಿದ್ದಾರೆ, ಎಲ್ಲೋ ಇಳಿದುಬಿಟ್ಟಿದ್ದಾರೆ ಎಂದು ನನ್ನ ಎದೆ ಹೇಳತೊಡಗಿತು. ಟೋಲ್ ನಾಕಾದ ಹತ್ತಿರ ರಸ್ತೆಯ ಬದಿಗೆ ಜನ ಗುಂಪುಗೂಡಿದ್ದರು. ನಡುವೆ ನೆಲದ ಮೇಲೆ ಬಿಳಿ ಧೋತರ ಕಂಡಿತು. “ನಿಲ್ಲಸು!” ಎಂದು ಚೀರಿದೆ. ಕಾರು ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆಗೆದು ಬರಿಗಾಲಲ್ಲಿ ಓಡಿದೆ. ಗುಂಪಿನೊಳಗೆ ನುಗ್ಗಿದರೆ, ಮುದುಕರೊಬ್ಬರು ನೆಲಕ್ಕೆ ಕೂತು ಬುಟ್ಟಿಯಲ್ಲಿ ಅಂಜೂರ ಮಾರುತ್ತಿದ್ದರು. ಜನ ಚೌಕಾಸಿ ಮಾಡುತ್ತಿದ್ದರು. ಮುದುಕರು ನನ್ನನ್ನು ನೋಡಿ, ಗಿರಾಕಿ ಎಂದುಕೊಂಡು ಒಂದು ಹಣ್ಣು ಎತ್ತಿ ಹಿಡಿದರು. ನಾನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ. ಅವರು ಗಾಬರಿಯಾಗಿ, ಹಣ್ಣನ್ನು ನನ್ನ ಕೈಯಲ್ಲಿ ಒತ್ತಿ, ನೀರು ಕೊಟ್ಟು, ಕಾಯ ಝಾಲಂ ಬಾಳಾ, ಏನಾಯಿತು ಮಗು ಎಂದು ಕೇಳಿದರು. ಅಷ್ಟು ವಯಸ್ಸಾದವರು ಮಗು ಅಂದದ್ದೇ ತಡ, ಅಲ್ಲಿಯವರೆಗೆ ತಡೆದದ್ದೆಲ್ಲ ಒಡೆದು ಬಂತು. ಹುಡುಗಿ ಬಂದು ಎಬ್ಬಿಸಿಕೊಂಡು ಹೋದಳು.

ಮತ್ತೆ ಫೋನು ಬಂದಾಗ ನನಗೆ ಎತ್ತುವ ಧೈರ್ಯವಿರಲಿಲ್ಲ. ಅವಳೇ ಎತ್ತಿದಳು.

“ಅಕ್ಕ! ಎರಡನೇ ಬಸ್ಸು ಬಂತು. ಅಜ್ಜ ಅದರಲ್ಲಿದ್ದಾರೆ. ನೀಲಿ ಅಂಚಿನ ಟವೆಲ್ಲೂ ಉಂಟಂತೆ.” ಹಿಂದೆ ಯಾರೋ ಏನೋ ಹೇಳಿದ್ದು ಕೇಳಿಸಿತು. “ಆದರೆ ಅಕ್ಕ, ಅವರು ಇಳಿಯೂದಿಲ್ವಂತೆ. ಎಷ್ಟು ಹೇಳಿದ್ರೂ ಕೇಳೂದಿಲ್ಲ. ಡ್ರೈವರ್ ನೀವು ಬರುವವರೆಗೆ ನಿಲ್ತೇನೆ ಅಂದಿದ್ದಾನೆ. ಬೇಗ ಬನ್ನಿ.”

ಸಂತೋಷ ಪಡಬೇಕಿತ್ತು. ನನ್ನಂಥವಳಿಗೆ ಸಂತೋಷವೂ ಹೆದರಿಕೆಯ ಕೈ ಹಿಡಿದುಕೊಂಡೇ ಬರುತ್ತದೆ. ಯಾಕೆ ಇಳಿಯುತ್ತಿಲ್ಲ? ಬಿದ್ದಿದ್ದಾರೆಯೇ? ಯಾರಾದರೂ ಗದರಿದರೇ? ಬಸ್ಸಿನ ತುಂಬ ಜನ, ಎಲ್ಲರಿಗೂ ಅವರವರ ಊರು, ಅವರವರ ಕೆಲಸ. ಒಬ್ಬ ಮುದುಕನಿಗಾಗಿ ಎಷ್ಟು ಹೊತ್ತು ಕಾಯುತ್ತಾರೆ? ತಡವಾಯಿತೆಂದು ಬಸ್ಸು ಬಿಟ್ಟುಬಿಟ್ಟರೆ ಮುಂದೆ ಘಾಟು, ಅದರಾಚೆ ಯಾರ ಭಾವನ ಹೋಟೆಲೂ ಇಲ್ಲ.

ಬಸ್ಸು ಹೋಟೆಲಿನ ದೊಡ್ಡ ಅಂಗಳದಲ್ಲಿ ಹುಣಸೆ ಮರದ ಕೆಳಗೆ ನಿಂತಿತ್ತು. ತಿಂಡಿ ಮುಗಿಸಿದ ಜನ ಮತ್ತೆ ಹತ್ತಿ ಕೂತಿದ್ದರು. ಒಬ್ಬ ಮಾತ್ರ ಕೆಳಗೆ ನಿಂತು ವಾಚು ನೋಡುತ್ತಾ ಸಿಡಿಮಿಡಿ ಎನ್ನುತ್ತಿದ್ದ. ನನ್ನ ಬರಿಗಾಲು ನೋಡಿ ಅವನೂ ಸರಿದು ದಾರಿ ಬಿಟ್ಟ. ಹರೆಯದ ಕಂಡಕ್ಟರೊಬ್ಬ ಎದುರಿಗೆ ಓಡಿ ಬಂದ.

“ಬರ್ರಿ ಅಕ್ಕಾರ. ಆರಾಮ ಅದಾರ, ಏನೂ ಆಗಿಲ್ಲ. ನಂದ ತಪ್ಪ್ರಿ. ಹಿರೇರು ಕೈ ಮಾಡಿದ್ರು, ಗಾಡಿ ನಿಂದ್ರಿಸಿದ್ವಿ. ‘ಗಾಡಿ ಕೆಟ್ಟದ, ಒಬ್ಬಾಕಿ ಹೆಣ್ಣಮಗಳು ನಿಂತಾಳ, ಜಾಗಾ ಅದ ಏನು?’ ಅಂದ್ರು. ನಾ ಹಿಂದ ಟಿಕೆಟ್ ಕೊಡ್ಲಿಕ್ಕತ್ತಿದ್ದೆ, ನೋಡ್ರಿ ಅಂದೆ. ಹತ್ತಿದ್ರು, ಸೀಟ್ ನೋಡಿದ್ರು, ಟವೆಲ್ ಹಾಕಿದ್ರು. ಹಾಕಿದ್ದ ತಡಾ, ಬಾಗಲಾ ಎಳದು ‘ರೈಟ್, ರೈಟ್’ ಅಂದುಬಿಟ್ರು! ಡ್ರೈವರ್‌ಗೆ ನಾನ ಅಂದಂಗ ಕೇಳಿಸೇದ. ಹೊಂಟಬಿಟ್ಟಾರ. ನಾ ಮುಂದ ಬಂದು ಕೇಳಿದ್ರ ‘ಸ್ಟಾಫ್’ ಅಂತಾರ, ಊರು ಕೇಳಿದ್ರ ಸವದತ್ತಿ ಡ್ಯೂಟಿ ಅಂತಾರ. ಆಮ್ಯಾಲೆ ನನಗ ಖೂನ ಹತ್ತಿತು, ಹಿರೇರಿಗೆ ನೆನಪ ಹೋಗೇದ ಅಂತ. ಟೋಲಿನಾಗ ಪೊಲೀಸರಿಗೆ ಹೇಳೇನ್ರಿ. ಬಿಟ್ಟು ಹೋಗಾವರಲ್ಲ ನಾವು.”

ನನಗೆ ಆಗ ನೆನಪಾಯಿತು. ಫೋನಿನ ಧ್ವನಿ ಪಾಲಿಸಿ ನಂಬರು ಕೇಳುತ್ತಿದ್ದಾಗ ಅಪ್ಪ ಹಿಂದಿನಿಂದ ಅಂದದ್ದು: “ಬಾಯಾರ, ನಿಮ್ಮನ್ನ ಬ್ಯಾರೆ ಗಾಡಿಗೆ ಹತ್ತಸ್ತೇನಿ.” ಅವರು ಎಲ್ಲಿಗೂ ಓಡಿಹೋಗಿರಲಿಲ್ಲ. ನನಗೆ ಸೀಟು ಹಿಡಿಯಲು ಹೋಗಿದ್ದರು. ಸೀಟು ಹಿಡಿದ ಮೇಲೆ ಇಷ್ಟು ವರ್ಷಗಳ ಬಾಯಿ ತನ್ನಷ್ಟಕ್ಕೆ ತಾನು ರೈಟ್ ಅಂದುಬಿಟ್ಟಿತ್ತು, ಪ್ಯಾಸೆಂಜರು ಕೆಳಗೇ ಉಳಿದಿದ್ದಳು.

ಹತ್ತಿದೆ. ಅಪ್ಪ ಬಸ್ಸಿನ ನಡುವೆ ಕಂಬ ಹಿಡಿದುಕೊಂಡು ನಿಂತಿದ್ದರು. ಪಕ್ಕದ ಹೆಂಗಸರ ಸೀಟಿನ ಮೇಲೆ ನೀಲಿ ಅಂಚಿನ ಟವೆಲ್ಲು ನೀಟಾಗಿ ಹಾಸಿತ್ತು. ಅಂಗಿ ತಿಳಿ ಹಳದಿ ಬಣ್ಣದ್ದಾಗಿತ್ತು.

“ಪುಣೇದಿಂದ ನಿಂತ ಬಂದಾರ ನೋಡವಾ,” ಎಂದು ಹಿಂದಿನ ಸೀಟಿನ ಮುದುಕಿ ಹೇಳಿದಳು. “ಕೂಡ್ರಿ ಅಂದ್ರ ಡ್ಯೂಟಿ ಮ್ಯಾಲೆ ಅದೇನಿ ಅಂತಾರ. ಆ ಸೀಟಿಗೆ ಯಾರನ್ನೂ ಕೂಡಗೊಡವಲ್ರು. ಹೆಣ್ಣಮಗಳು ಬರಾಕಿ ಅದಾಳ, ಬರಾಕಿ ಅದಾಳ ಅಂತ ಒಂದ ಸವನ.”

ಅಪ್ಪ ನನ್ನನ್ನು ನೋಡಿದರು. ಕೆದರಿದ ಕೂದಲು, ಮಣ್ಣು ಹತ್ತಿದ ಸೀರೆ, ರಕ್ತ ಒಸರುತ್ತಿದ್ದ ಕಾಲಿನ ಹೆಬ್ಬೆರಳು, ಕೈಯಲ್ಲಿ ಜಜ್ಜಿಹೋದ ಒಂದು ಅಂಜೂರ. ಟವೆಲ್ಲು ಎತ್ತಿ ಕೊಡವಿದರು.

“ಬಂದ್ಯಾ ತಂಗಿ? ಕುಂದರು.”

ಎಷ್ಟು ದಿನಗಳ ಮೇಲೆ ಆ ಮಾತು! ಗುರುತು ಹಿಡಿದರೋ, ಅಥವಾ ಅತ್ತು ಕೆಂಪಾದ ಯಾವ ಹೆಣ್ಣು ಹತ್ತಿದ್ದರೂ ಹಾಗೇ ಅನ್ನುತ್ತಿದ್ದರೋ, ಗೊತ್ತಿಲ್ಲ. ಕೂತೆ.

“ಎಲ್ಲಿಗವಾ?” ಎಂದರು.

ಬಾಯಿಗೆ ಬೇರೆ ಯಾವ ಊರೂ ಬರಲಿಲ್ಲ. “ಮನೀಗ್ರಿ” ಅಂದೆ.

“ಬಂದಾಗ ಹೇಳ್ತೇನಿ. ಹೆದರಬ್ಯಾಡ.” ಮುಂದಕ್ಕೆ ತಿರುಗಿ ಕಂಬದ ಮೇಲೆ ಎರಡು ಸಲ ತಟ್ಟಿದರು. “ರೈಟ್, ರೈಟ್!”

ಬಸ್ಸಿನಲ್ಲಿ ಯಾರೂ ನಗಲಿಲ್ಲ. ಡ್ರೈವರು ಕನ್ನಡಿಯಲ್ಲಿ ಕಂಡಕ್ಟರನ ಮುಖ ನೋಡಿದ. ಕಂಡಕ್ಟರ್ ಗೋಣು ಹಾಕಿದ. ಇಂಜಿನ್ ಶುರುವಾಯಿತು, ನನ್ನ ಎದೆ ಮತ್ತೆ ಧಸಕ್ಕೆಂದಿತು. ಬಸ್ಸು ಹೈವೇ ಕಡೆಗೆ ಹೋಗಲಿಲ್ಲ. ಹುಣಸೆ ಮರವನ್ನು ಸುತ್ತಿ, ಪಾತ್ರೆ ತೊಳೆಯುವ ಕಟ್ಟೆಯನ್ನು ದಾಟಿ, ಅಂಗಳದಲ್ಲಿ ಒಂದು ದೊಡ್ಡ ಸುತ್ತು ಹಾಕಿ ಆ ಹುಡುಗಿಯ ಕಾರಿನ ಪಕ್ಕಕ್ಕೆ ಬಂದು ನಿಂತಿತು.

“ಮನೀ ಸ್ಟಾಪ್!” ಎಂದು ಕಂಡಕ್ಟರ್ ಕೂಗಿದ. “ಯಾರ್ ಇಳೀತೀರಿ, ಇಳೀರಿ!”

“ಏಳು ತಂಗಿ, ಬಂತು ನೋಡು,” ಎಂದು ಅಪ್ಪ ನನ್ನ ಕೈ ಹಿಡಿದು ಎಬ್ಬಿಸಿದರು. ಮೆಟ್ಟಿಲ ಮೇಲೆ ಸಾವಕಾಶ ಎಂದರು. ನನ್ನನ್ನು ನೆಲಕ್ಕೆ ಇಳಿಸಿ ಕೈ ಬಿಟ್ಟರು. ಬಿಟ್ಟು ತಿರುಗಿ ಮತ್ತೆ ಬಸ್ಸಿನೊಳಕ್ಕೆ ಹೊರಟರು. ಪ್ಯಾಸೆಂಜರು ಇಳಿದಾಯಿತು, ಕಂಡಕ್ಟರನ ಗಾಡಿ ಮುಂದೆ ಹೋಗಬೇಕಲ್ಲ.

ಬೆಳಗಿನಿಂದ ಪಟ್ಟ ಹೆದರಿಕೆಯೆಲ್ಲ ಒಂದು ತೂಕ, ಅದು ಒಂದು ತೂಕ. ಎಳೆದರೆ ಬರುವವರಲ್ಲ. ಅಪ್ಪಾ ಎಂದರೆ ತಿರುಗುವವರಲ್ಲ. ನಾನು ಅವರ ಕೈ ಮತ್ತೆ ಹಿಡಿದುಕೊಂಡೆ.

“ನನಗ ಭಾಳ ಅಂಜಿಕಿ ಬರ್ಲಿಕ್ಕತ್ತದ್ರಿ,” ಅಂದೆ. “ಮನೀ ತನಕ ಬರ್ತೀರೇನು?”

ಉಪಾಯಕ್ಕೆ ಆಡಿದ ಮಾತಲ್ಲ ಅದು. ಅವತ್ತು ಅದಕ್ಕಿಂತ ಖರೆ ಮಾತು ನಾನು ಬೇರೆ ಆಡಿರಲಿಲ್ಲ. ಅಪ್ಪ ಬಸ್ಸನ್ನು ನೋಡಿದರು, ನನ್ನನ್ನು ನೋಡಿದರು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಮೆಲ್ಲಗೆ, “ನೀವು ಹೋಗ್ರಿ ಹಿರೇರ. ಗಾಡಿ ನಾ ನೋಡ್ಕೋತೇನಿ,” ಎಂದ. ಅಪ್ಪ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಇಳಿದರು. ಬಸ್ಸಿನ ಬದಿಗೆ ಅಂಗೈಯಿಂದ ಎರಡು ಸಲ ಬಡಿದು ಅದನ್ನು ಕಳಿಸಿಕೊಟ್ಟರು. ಕಿಟಕಿಗಳಿಂದ ಎಷ್ಟೋ ಕೈಗಳು ಬೀಸಿದವು.

“ನಡಿ,” ಅಂದರು. “ಗಾಡಿ ಕೆಟ್ರ ಮಂದಿ ಕೆಡಬಾರದು.”

ಹುಡುಗಿ ತಿರುಗಿ ಬರುವಾಗ ನಿಧಾನ ಓಡಿಸಿದಳು. ನಾನೂ ಅಪ್ಪನೂ ಹಿಂದಿನ ಸೀಟಿನಲ್ಲಿ ಕೂತಿದ್ದೆವು. ಅವರು ನನ್ನ ಕೈ ಬಿಡಲಿಲ್ಲ. ಟೋಲ್ ದಾಟುವವರೆಗೆ, ಸುರಂಗ ದಾಟುವವರೆಗೆ, ಚಹಾದ ಹೆಂಗಸು ಕಾಯುತ್ತಾ ನಿಂತಿದ್ದ ನನ್ನ ಕೆಟ್ಟ ಕಾರು ಕಾಣುವವರೆಗೆ ನಡುನಡುವೆ ಬಗ್ಗಿ ಕೇಳುತ್ತಿದ್ದರು: “ಅಂಜಿಕಿ ಕಡಿಮಿ ಆತೇನವಾ?”

ನಾನು ಪ್ರತಿ ಸಲವೂ, “ಇನ್ನೂ ಸ್ವಲ್ಪ ಅದ್ರಿ,” ಅಂದೆ.